ಕರುಳಿನ ಉರಿಯೂತ ಮತ್ತು ಒಮೆಗಾ ಕೊಬ್ಬು: ಮಾತ್ರೆಗೆ ಮೊದಲು ಎಣ್ಣೆ ಡಬ್ಬ ನೋಡಿ

"ಹೊಟ್ಟೆ ಯಾವಾಗಲೂ ಉಬ್ಬರ, ಒಮೆಗಾ-3 ಮಾತ್ರೆ ತಗೊಳ್ಳಬಹುದಾ?" "ಸೂರ್ಯಕಾಂತಿ ಎಣ್ಣೆಯಿಂದ ಕರುಳು ಕೆಡುತ್ತಂತೆ, ಬಿಟ್ಟುಬಿಡಲಾ?" "ನಾವು ಮೀನು ತಿನ್ನಲ್ಲ, ಅಗಸೆ ಸಾಕಾ?" ಓದುಗರಿಂದ ಈ ಮೂರು ಪ್ರಶ್ನೆ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಡುಗೆಯಲ್ಲಿ ಒಮೆಗಾ-6 ಇರುವುದು ಅಪರಾಧವೇನಲ್ಲ. ಅದು ಮಿತಿ ಮೀರಿರುವುದು ಮತ್ತು ಒಮೆಗಾ-3 ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಇರುವುದು ತೊಂದರೆ. ಇದನ್ನು ಸರಿಮಾಡಲು ದುಬಾರಿ ಬಾಟಲಿ ಬೇಕಿಲ್ಲ. ಇನ್ನೊಂದು ವಿಷಯ: ಇದು ಊಟದ ಮಾತು, ಔಷಧಿಯ ಮಾತಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅಗಸೆ ತಿನ್ನಿ ಅಂತ ಇಲ್ಲಿ ಎಲ್ಲೂ ಹೇಳುತ್ತಿಲ್ಲ.

ಬೇಕಾಗುವ ಸಾಮಾನು ಕಮ್ಮಿ. ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಬರುತ್ತದೆ ಅನ್ನುವ ಲೆಕ್ಕ, ಕಾಲು ಕಿಲೋ ಅಗಸೆ, ಮಿಕ್ಸಿಯ ಸಣ್ಣ ಜಾರು, ಮುಚ್ಚಳ ಬಿಗಿಯಾಗಿರುವ ಗಾಜಿನ ಬಾಟಲಿ, ಬರೆದಿಡಲು ಒಂದು ನೋಟ್‌ಬುಕ್. ಮತ್ತೆ ಮೂರು ತಿಂಗಳ ತಾಳ್ಮೆ.

ಒಳಗೆ ನಡೆಯುವುದೇನು?

ಎಣ್ಣೆ, ತುಪ್ಪ, ಮೀನಿನ ಜಿಡ್ಡು ಯಾವುದೇ ಇರಲಿ, ಅದರೊಳಗೆ ಇರುವುದು ಕೊಬ್ಬಿನಾಮ್ಲಗಳು. ಒಮೆಗಾ-3 ಮತ್ತು ಒಮೆಗಾ-6 ಅವುಗಳಲ್ಲಿ ಎರಡು ಗುಂಪು. ಈ ಎರಡರ ಮೂಲ ಆಮ್ಲಗಳನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ಒಮೆಗಾ-9 ಹಾಗಲ್ಲ, ಅದನ್ನು ದೇಹವೇ ಮಾಡಿಕೊಳ್ಳುತ್ತದೆ. ಹಾಗಾಗಿ "ಒಮೆಗಾ 3-6-9" ಅಂತ ದೊಡ್ಡದಾಗಿ ಬರೆದ ಬಾಟಲಿಗೆ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ. ನಿಮಗೆ ಕಮ್ಮಿ ಇರುವುದು 3 ಮಾತ್ರ.

ಮುಂದೆ ಪದೇ ಪದೇ ಬರುವ ಹೆಸರುಗಳು ಇವು:

- ಲಿನೋಲಿಯಿಕ್ ಆಮ್ಲ: ಅಡುಗೆ ಎಣ್ಣೆಗಳಲ್ಲಿ ಇರುವ ಒಮೆಗಾ-6. ದೇಹ ಇದರಲ್ಲಿ ಸ್ವಲ್ಪ ಪಾಲನ್ನು ಅರಾಕಿಡೋನಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ.
- ಎಎಲ್‌ಎ: ಅಗಸೆ, ಚಿಯಾ, ಅಕ್ರೋಟು, ಸೊಪ್ಪುಗಳಲ್ಲಿ ಇರುವ ಸಸ್ಯದ ಒಮೆಗಾ-3.
- ಇಪಿಎ ಮತ್ತು ಡಿಎಚ್‌ಎ: ಮೀನು ಮತ್ತು ಕೆಲವು ಜಾತಿಯ ಪಾಚಿಗಳಲ್ಲಿ ಇರುವ ಒಮೆಗಾ-3. ಉರಿಯೂತದ ವಿಷಯದಲ್ಲಿ ನೇರವಾಗಿ ಕೆಲಸಕ್ಕೆ ಬರುವುದು ಇವೇ.

ಈಗ ಕರುಳಿಗೆ ಬನ್ನಿ. ಕರುಳಿನ ಒಳಪದರ ಅಂದರೆ ಒಂದೇ ಒಂದು ಸಾಲು ಕಣಗಳು (ಜೀವಕೋಶಗಳು). ಮೂರರಿಂದ ಐದು ದಿನಕ್ಕೊಮ್ಮೆ ಆ ಸಾಲು ಹೊಸದಾಗುತ್ತದೆ. ಅದರ ಒಂದು ಕಡೆ ಲೋಳೆ, ಆಹಾರ, ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಇನ್ನೊಂದು ಕಡೆ ನಿಮ್ಮ ರಕ್ತ. ಇಷ್ಟು ತೆಳುವಾದ ಜಾಗ ಆದ್ದರಿಂದಲೇ ದೇಹದ ರೋಗನಿರೋಧಕ ಕಣಗಳ ದೊಡ್ಡ ಪಾಲು ಕರುಳಿನ ಸುತ್ತಲೇ ಇರುತ್ತದೆ. ಯಾವುದು ಅನ್ನ, ಯಾವುದು ಶತ್ರು ಅಂತ ಅವು ದಿನವಿಡೀ ನೋಡುತ್ತಿರಬೇಕು.

ಆ ಕಣಗಳ ಹೊರಪೊರೆ ಕೊಬ್ಬಿನಿಂದ ಆದದ್ದು. ನೀವು ಏನು ತಿನ್ನುತ್ತೀರೋ ಅದರ ಪ್ರಕಾರ ಆ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಅಥವಾ ಇಪಿಎ, ಡಿಎಚ್‌ಎ ಕೂರುತ್ತವೆ. ಅಪಾಯ ಕಂಡಾಗ ಕಣ ತನ್ನ ಪೊರೆಯಿಂದಲೇ ಒಂದು ಆಮ್ಲವನ್ನು ಕತ್ತರಿಸಿ ತೆಗೆದು ಸಂದೇಶದ ರಾಸಾಯನಿಕ ಮಾಡುತ್ತದೆ. ಅರಾಕಿಡೋನಿಕ್ ಆಮ್ಲದಿಂದ ಪ್ರೊಸ್ಟಗ್ಲಾಂಡಿನ್ ಇ2, ಲ್ಯೂಕೋಟ್ರೈನ್ ಬಿ4 ಆಗುತ್ತವೆ. ಇವು ಬಿಳಿ ರಕ್ತಕಣಗಳನ್ನು ಕರೆದು ಉರಿಯೂತ ಏರಿಸುತ್ತವೆ. ಇಪಿಎಯಿಂದ ಆಗುವ ಅದೇ ಬಗೆಯ ಸಂದೇಶಗಳು ತುಂಬಾ ದುರ್ಬಲ. ಅದಕ್ಕಿಂತ ಮುಖ್ಯವಾಗಿ, ಇಪಿಎ ಮತ್ತು ಡಿಎಚ್‌ಎಯಿಂದ ರಿಸಾಲ್ವಿನ್ ಅನ್ನುವ ಪದಾರ್ಥಗಳಾಗುತ್ತವೆ. "ಕೆಲಸ ಮುಗಿಯಿತು, ಇನ್ನು ಮನೆಗೆ ಹೋಗಿ" ಅಂತ ಉರಿಯೂತವನ್ನು ಮುಗಿಸುವ ಸಂದೇಶ ಅವು. ಉರಿಯೂತ ಶುರುವಾಗುವುದು ರೋಗವಲ್ಲ, ನಿಲ್ಲಬೇಕಾದಾಗ ನಿಲ್ಲದೇ ಇರುವುದು ರೋಗ.

ಇಲ್ಲಿ ಒಮೆಗಾ-6ಕ್ಕೂ ನ್ಯಾಯ ಸಲ್ಲಬೇಕು. ಪ್ರೊಸ್ಟಗ್ಲಾಂಡಿನ್ ಇ2 ಬರೀ ಕಿಡಿ ಹಚ್ಚುವುದಿಲ್ಲ, ಜಠರ ಮತ್ತು ಕರುಳಿನ ಲೋಳೆಪದರವನ್ನು ಕಾಯುವುದೂ ಅದೇ. ಆಸ್ಪಿರಿನ್ ಕೆಲಸ ಮಾಡುವುದು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ತಡೆದು ಅಂತ ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರಿಗೂ ನೊಬೆಲ್ ಬಂತು. ನೋವಿನ ಮಾತ್ರೆ ಜಾಸ್ತಿ ನುಂಗಿದವರಿಗೆ ಹೊಟ್ಟೆಯಲ್ಲಿ ಹುಣ್ಣಾಗುವುದಕ್ಕೆ ಇದೇ ಕಾರಣ: ನೋವಿನ ಜೊತೆ ಕಾವಲೂ ಹೋಗುತ್ತದೆ. ಆದ್ದರಿಂದ "ಒಮೆಗಾ-6 ವಿಷ" ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಮುಂದೆ ಹೋಗಿ. ಆರೋಗ್ಯವಂತರಿಗೆ ಲಿನೋಲಿಯಿಕ್ ಆಮ್ಲ ಜಾಸ್ತಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ರಕ್ತದ ಉರಿಯೂತದ ಅಳತೆಗಳು ಏರಿಲ್ಲ.

ಹಾಗಾದರೆ ಅದನ್ನು ಮಿತಿಯಲ್ಲಿಡುವುದು ಯಾಕೆ? ಲಿನೋಲಿಯಿಕ್ ಆಮ್ಲ ಮತ್ತು ಎಎಲ್‌ಎ ಎರಡನ್ನೂ ಮುಂದಿನ ರೂಪಕ್ಕೆ ಮಾರ್ಪಡಿಸುವ ಕಿಣ್ವ ಒಂದೇ. ಊರಿಗೊಂದೇ ಹಿಟ್ಟಿನ ಗಿರಣಿ ಇದ್ದು, ಒಬ್ಬರು ಹತ್ತು ಚೀಲ ಜೋಳ ತಂದಿಟ್ಟರೆ ಎರಡು ಸೇರು ರಾಗಿ ತಂದವರು ಕಾಯಬೇಕಾಗುತ್ತದೆ ಅಲ್ವಾ, ಹಾಗೆ. ಮೊದಲೇ ನಮ್ಮ ದೇಹ ಎಎಲ್‌ಎಯಲ್ಲಿ ನೂರಕ್ಕೆ ಹತ್ತರಷ್ಟನ್ನೂ ಇಪಿಎ ಮಾಡುವುದಿಲ್ಲ, ಡಿಎಚ್‌ಎ ಅಂತೂ ಇನ್ನೂ ಕಮ್ಮಿ. ಮೀನು ತಿನ್ನದ ಮನೆಗಳಿಗೆ ಈ ಪೈಪೋಟಿ ಮುಖ್ಯವಾಗುವುದು ಅದಕ್ಕೇ.

ಹಂತ 1: ನಿಮ್ಮ ಹೊಟ್ಟೆಯ ತೊಂದರೆ ಯಾವುದು ಅಂತ ತಿಳಿದುಕೊಳ್ಳಿ

ಜನ ಇದನ್ನೇ ಬಿಟ್ಟು ನೇರವಾಗಿ ಎಣ್ಣೆಗೆ ಹೋಗುತ್ತಾರೆ. ಉಬ್ಬರ, ಗ್ಯಾಸ್, ಟೆನ್ಷನ್ ಆದಾಗ ಬೇಧಿ, ಶೌಚ ಆದ ಮೇಲೆ ಹೊಟ್ಟೆನೋವು ಕಮ್ಮಿಯಾಗುವುದು: ಇವು ಸಾಮಾನ್ಯವಾಗಿ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಲಕ್ಷಣ. ಐಬಿಎಸ್‌ನಲ್ಲಿ ಕರುಳು ಅತಿ ಸೂಕ್ಷ್ಮವಾಗಿರುತ್ತದೆ, ಆದರೆ ಹುಣ್ಣು, ಊತ ಇರುವುದಿಲ್ಲ. ಐಬಿಡಿ (ಇನ್‌ಫ್ಲಮೇಟರಿ ಬವೆಲ್ ಡಿಸೀಸ್) ಬೇರೆ. ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್ ಐಬಿಡಿಯ ಎರಡು ಮುಖ್ಯ ರೂಪ. ಇದರಲ್ಲಿ ಕರುಳಿನ ಗೋಡೆಯಲ್ಲಿ ನಿಜವಾದ ಉರಿಯೂತ, ಹುಣ್ಣು ಇರುತ್ತದೆ.

ಕೆಳಗಿನ ಯಾವುದೇ ಒಂದಿದ್ದರೂ ಈ ಲೇಖನ ಬದಿಗಿಟ್ಟು ಡಾಕ್ಟರ್ ಹತ್ತಿರ ಹೋಗಿ:

- ಮಲದಲ್ಲಿ ರಕ್ತ (ಮೂಲವ್ಯಾಧಿ ಇರಬೇಕು ಅಂತ ನೀವೇ ತೀರ್ಮಾನಿಸಬೇಡಿ)
- ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಜ್ವರ
- ನಿದ್ದೆಯಿಂದ ಎಬ್ಬಿಸುವ ಬೇಧಿ
- ಐವತ್ತು ದಾಟಿದ ಮೇಲೆ ಮಲದ ಅಭ್ಯಾಸ ಬದಲಾಗುವುದು, ಅಥವಾ ರಕ್ತಹೀನತೆ

ನಮ್ಮ ದೇಶದಲ್ಲಿ ಇನ್ನೊಂದು ಗೊಂದಲ ಇದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆ ನೋಡಲು ಒಂದೇ ತರ. ಎಂಡೋಸ್ಕೋಪಿ, ಬಯಾಪ್ಸಿ ಮಾಡಿದ ಮೇಲೂ ವೈದ್ಯರಿಗೆ ಬೇರ್ಪಡಿಸುವುದು ಕಷ್ಟವಾಗುತ್ತದೆ. ಚಿಕಿತ್ಸೆ ಮಾತ್ರ ತೀರಾ ಬೇರೆ. ಇಂಥ ಕಡೆ ಮನೆಮದ್ದಿನಲ್ಲಿ ತಿಂಗಳು ಕಳೆದರೆ ನಷ್ಟ ನಿಮಗೇ.

ಉರಿಯೂತ ಇದೆಯೋ ಇಲ್ಲವೋ ಅಂತ ತಿಳಿಯಲು ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಮಲ ಪರೀಕ್ಷೆ ಇದೆ. ಕರುಳಿಗೆ ಬಂದು ಸೇರಿದ ಬಿಳಿ ರಕ್ತಕಣಗಳ ಒಂದು ಪ್ರೋಟೀನನ್ನು ಅದು ಅಳೆಯುತ್ತದೆ. ಸಾಮಾನ್ಯವಾಗಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ದೊಡ್ಡ ಉರಿಯೂತ ಇಲ್ಲ ಅಂತ ಅರ್ಥ. ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಸಂಖ್ಯೆ ಸುಳ್ಳಾಗಿ ಏರಬಹುದು. ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹಂತ 2: ಮನೆಯ ಎಣ್ಣೆ ಲೆಕ್ಕ ಹಾಕಿ

ಕುಳಿತು ಕೆಲಸ ಮಾಡುವ ಹೆಂಗಸರಿಗೆ ದಿನಕ್ಕೆ 20 ಗ್ರಾಂ, ಗಂಡಸರಿಗೆ 25 ಗ್ರಾಂ ಎಣ್ಣೆ-ತುಪ್ಪ ಸಾಕು ಅನ್ನುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ನಾಲ್ಕು ದೊಡ್ಡವರ ಮನೆಗೆ ತಿಂಗಳಿಗೆ ಎರಡೂವರೆಯಿಂದ ಮೂರೂಕಾಲು ಲೀಟರ್ ಆಯಿತು. ಕಳೆದ ತಿಂಗಳ ದಿನಸಿ ಚೀಟಿ ತೆಗೆದು ನೋಡಿ. ಐದು ಲೀಟರಿನ ಕ್ಯಾನು ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ಮೊದಲ ಕೆಲಸ ಎಣ್ಣೆ ಬದಲಿಸುವುದಲ್ಲ, ಕಮ್ಮಿ ಮಾಡುವುದು. ಹೊರಗೆ ತಿನ್ನುವ ಬೋಂಡ, ಚಿಪ್ಸು, ಗೋಬಿ ಈ ಲೆಕ್ಕಕ್ಕೆ ಬಂದಿಲ್ಲ ನೋಡಿ.

ಸಂಖ್ಯೆಯಲ್ಲಿ ಹೇಳುವುದಾದರೆ, 25 ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 15 ಗ್ರಾಂ ಲಿನೋಲಿಯಿಕ್ ಆಮ್ಲ ಇದೆ, ಒಮೆಗಾ-3 ಹೆಸರಿಗೂ ಇಲ್ಲ. ಅದೇ 25 ಗ್ರಾಂ ಶೇಂಗಾ ಎಣ್ಣೆಯಾದರೆ ಲಿನೋಲಿಯಿಕ್ ಆಮ್ಲ ಅರ್ಧಕ್ಕೆ ಇಳಿಯುತ್ತದೆ. ಅದರ ಜೊತೆ ದಿನಕ್ಕೊಂದು ದೊಡ್ಡ ಚಮಚ ಅಗಸೆಪುಡಿ ಸೇರಿಸಿದರೆ 1.6 ಗ್ರಾಂ ಒಮೆಗಾ-3 ಬಂತು. ಒಮೆಗಾ-6 ಮತ್ತು ಒಮೆಗಾ-3ರ ಅನುಪಾತ 5ರಿಂದ 10ಕ್ಕೆ 1 ಇರಲಿ ಅಂತ ನಮ್ಮ ದೇಶದ ಸಲಹೆ. ಇಷ್ಟು ಮಾಡಿದರೆ ನೀವು ಅದರ ಒಳಗೆ ಬಂದಿರಿ. ಅನುಪಾತವನ್ನು ದಿನಾ ಕ್ಯಾಲ್ಕುಲೇಟರ್ ಹಿಡಿದು ಬೆನ್ನಟ್ಟಬೇಡಿ, ಅದು ಅಷ್ಟು ದೊಡ್ಡ ವಿಷಯವಲ್ಲ. ಒಮೆಗಾ-3 ಎಷ್ಟು ಬಂತು ಅನ್ನುವುದು ಮುಖ್ಯ.

ಹಂತ 3: ಎಣ್ಣೆ ಆರಿಸಿ

ಲಿನೋಲಿಯಿಕ್ ಆಮ್ಲ ನೂರಕ್ಕೆ ಎಷ್ಟಿದೆ ಅಂತ ಅಂದಾಜು ಪಟ್ಟಿ ಇದು. ತಳಿ, ಊರು ನೋಡಿ ಹೆಚ್ಚುಕಡಿಮೆ ಆಗುತ್ತದೆ.

- ಕುಸುಬೆ ಎಣ್ಣೆ: 75
- ಹುಚ್ಚೆಳ್ಳೆಣ್ಣೆ: 70
- ಸೂರ್ಯಕಾಂತಿ: 60ಕ್ಕೂ ಮೇಲೆ
- ಸೋಯಾ: 50ರ ಮೇಲೆ, ಜೊತೆಗೆ ಸುಮಾರು 7 ಎಎಲ್‌ಎ
- ಎಳ್ಳೆಣ್ಣೆ: 40
- ಅಕ್ಕಿ ತೌಡಿನ ಎಣ್ಣೆ: 33
- ಶೇಂಗಾ: 30
- ಸಾಸಿವೆ ಎಣ್ಣೆ: 15, ಜೊತೆಗೆ ಸುಮಾರು 10 ಎಎಲ್‌ಎ
- ತಾಳೆ ಎಣ್ಣೆ: 10
- ಕೊಬ್ಬರಿ ಎಣ್ಣೆ: 2

ಪಟ್ಟಿಯ ಮೊದಲೆರಡನ್ನು ನೋಡಿ ಉತ್ತರ ಕರ್ನಾಟಕದವರಿಗೆ ಬೇಜಾರಾಗಬಹುದು. ಗಾಣದಿಂದ ತಂದ ಕುಸುಬೆ ಎಣ್ಣೆ ಚೆನ್ನಾಗಿದೆ, ಘಮ ಇದೆ, ಸಂಸ್ಕರಣೆ ಕಮ್ಮಿ. ಆದರೆ ಗಾಣಕ್ಕೆ ಹಾಕಿದ ಮಾತ್ರಕ್ಕೆ ಕೊಬ್ಬಿನಾಮ್ಲ ಬದಲಾಗುವುದಿಲ್ಲ. ರಿಫೈನ್ಡ್ ಇರಲಿ, ಗಾಣದ್ದಿರಲಿ, ಒಂದೇ ತಳಿಯ ಕುಸುಬೆಯಾದರೆ ಒಮೆಗಾ-6 ಅಷ್ಟೇ. ಅದೇ ತರ, ಹುಚ್ಚೆಳ್ಳು ಅಥವಾ ಗುರೆಳ್ಳಿನ ಚಟ್ನಿಪುಡಿ ತಿಂದು ಒಮೆಗಾ-3 ಬಂತು ಅಂದುಕೊಳ್ಳುವವರು ತುಂಬಾ ಜನ. ರುಚಿಗೆ ತಿನ್ನಿ, ಒಮೆಗಾ-3 ಬೇಕಿದ್ದರೆ ಅಗಸೆಗೆ ಬನ್ನಿ.

ನನ್ನ ಸಲಹೆ ಸರಳ. ದಿನದ ಅಡುಗೆಗೆ ಶೇಂಗಾ ಎಣ್ಣೆ ಇಟ್ಟುಕೊಳ್ಳಿ, ಆಗಾಗ ಎಳ್ಳೆಣ್ಣೆ ಅಥವಾ ತೌಡಿನ ಎಣ್ಣೆ ಬಳಸಿ. ಸಾಸಿವೆ ಎಣ್ಣೆಯ ಘಾಟು ಸಹಿಸುವವರಾದರೆ ವಾರದಲ್ಲಿ ಒಂದೆರಡು ಪಲ್ಯಕ್ಕೆ ಅದು. ಕರಾವಳಿ, ಮಲೆನಾಡಿನವರು ಒಗ್ಗರಣೆಗೆ ಕೊಬ್ಬರಿ ಎಣ್ಣೆ ಬಿಡಬೇಕಿಲ್ಲ.

ಎಚ್ಚರ: ಒಮೆಗಾ-6 ಬೇಡ ಅಂತ ಎಲ್ಲವನ್ನೂ ತುಪ್ಪ, ಕೊಬ್ಬರಿ ಎಣ್ಣೆಗೆ ತಿರುಗಿಸಬೇಡಿ. ಕೆಟ್ಟ ಕೊಲೆಸ್ಟ್ರಾಲ್ ಏರುವುದು ಒಂದು ಕಡೆ. ಇನ್ನೊಂದು ಕಡೆ, ಕರುಳಿನ ಉರಿಯೂತಕ್ಕೆ ಗುರಿಯಾಗುವ ತಳಿಯ ಇಲಿಗಳಿಗೆ ಹಾಲಿನ ಕೊಬ್ಬು ಜಾಸ್ತಿ ಕೊಟ್ಟಾಗ ಪಿತ್ತರಸ ಬದಲಾಗಿ, ಬೈಲೋಫಿಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆದು ಕಾಯಿಲೆ ಹೆಚ್ಚಿತು ಅಂತ 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇಲಿಗೆ ಆದದ್ದು ನಮಗೂ ಆಗುತ್ತದೆ ಅಂತಲ್ಲ, ಆದರೆ ತುಪ್ಪ ಸುರಿದರೆ ಕರುಳು ತಂಪು ಅನ್ನುವ ಮಾತಿಗೆ ಆಧಾರ ಇಲ್ಲ.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಒಮೆಗಾ-6 ಮತ್ತು 3 ಎರಡೂ ಬಿಸಿಗೆ, ಗಾಳಿಗೆ ಬೇಗ ಕೆಡುವ ಕೊಬ್ಬು. ಹಾಗೆ ಕೆಟ್ಟ ಎಣ್ಣೆ ಕರುಳಿನ ಉರಿಯೂತ ಹೆಚ್ಚಿಸುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಹೋಟೆಲುಗಳ ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ನೂರಕ್ಕೆ 25 ದಾಟಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ನಿಯಮ ಮಾಡಿದೆ. ಮನೆಯಲ್ಲಿ ಅಳೆಯುವ ಯಂತ್ರ ಇರುವುದಿಲ್ಲ. ಬಣ್ಣ ಕಪ್ಪಾಗಿದ್ದರೆ, ನೊರೆ ಬಂದರೆ, ಬಾಣಲೆ ಕಾಯುವ ಮೊದಲೇ ಹೊಗೆ ಎದ್ದರೆ ಚೆಲ್ಲಿ. ಚಿಕ್ಕ ಬಾಣಲೆಯಲ್ಲಿ ಕಮ್ಮಿ ಎಣ್ಣೆ ಇಟ್ಟು ಕರಿದರೆ ಚೆಲ್ಲಲು ಮನಸ್ಸೂ ಬರುತ್ತದೆ.

ಹಂತ 4: ಅಗಸೆಯನ್ನು ಊಟಕ್ಕೆ ತನ್ನಿ

ಸಸ್ಯಾಹಾರಿಗಳಿಗೆ ಇದೇ ಮುಖ್ಯ ಹಂತ. ಅಮೆರಿಕದ ಅಳತೆಯ ಪ್ರಕಾರ ದಿನಕ್ಕೆ ಗಂಡಸರಿಗೆ 1.6 ಗ್ರಾಂ, ಹೆಂಗಸರಿಗೆ 1.1 ಗ್ರಾಂ ಎಎಲ್‌ಎ ಬೇಕು. ಒಂದು ದೊಡ್ಡ ಚಮಚ, ಅಂದರೆ ಸುಮಾರು 7 ಗ್ರಾಂ ಅಗಸೆಪುಡಿಯಲ್ಲಿ ಅಷ್ಟು ಸಿಗುತ್ತದೆ.

ಪುಡಿ ಅಂತ ಬೇಕೆಂದೇ ಹೇಳಿದೆ. ಅಗಸೆಯ ಸಿಪ್ಪೆ ಗಟ್ಟಿ, ನುಣುಪು. ಇಡೀ ಕಾಳು ನುಂಗಿದರೆ ಎಷ್ಟೋ ಕಾಳು ಹಾಗೇ ಹೊರಗೆ ಹೋಗುತ್ತವೆ. ಮೊಸರಿನ ಮೇಲೆ ಇಡೀ ಅಗಸೆ ಉದುರಿಸಿ ತಿನ್ನುವವರು ನಾರಿನ ಲಾಭ ಸ್ವಲ್ಪ ಪಡೆಯಬಹುದು, ಒಮೆಗಾ-3 ಹೆಚ್ಚೇನೂ ಬರುವುದಿಲ್ಲ.

ಉತ್ತರ ಕರ್ನಾಟಕದ ಅಗಸಿ ಹಿಂಡಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮಾಡುವ ಕ್ರಮ ಹೀಗೆ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ ಒಂದು ಬಟ್ಟಲು ಅಗಸೆ ಹುರಿಯಿರಿ. ಕೈ ಬಿಡಬೇಡಿ. ಎರಡು ಮೂರು ನಿಮಿಷಕ್ಕೆ ಚಟಪಟ ಅಂತ ಸಿಡಿಯಲು ಶುರುವಾಗುತ್ತದೆ. ಸಿಡಿಯುವುದು ಜೋರಾಗಿ, ಕಾಳು ಸ್ವಲ್ಪ ಉಬ್ಬಿ, ಹಸಿ ವಾಸನೆ ಹೋದ ಕೂಡಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಸೀದು ಕಹಿಯಾಗುತ್ತದೆ. ಇಷ್ಟು ಹದವಾಗಿ ಹುರಿದರೆ ಒಮೆಗಾ-3ಕ್ಕೆ ಹೆಚ್ಚಿನ ಪೆಟ್ಟಿಲ್ಲ, ಹಸಿ ಅಗಸೆಯಲ್ಲಿರುವ ಸೈನೈಡ್ ಬಿಡುವ ಅಂಶವೂ ಕಮ್ಮಿಯಾಗುತ್ತದೆ.

ಅಗಸೆ ಪೂರ್ತಿ ಆರಲಿ. ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಜೀರಿಗೆ ಬೇರೆಯಾಗಿ ಹುರಿದುಕೊಳ್ಳಿ. ಮೆಣಸಿನಕಾಯಿ, ಉಪ್ಪು, ಒಣಗಿದ ಹುಣಸೆಹಣ್ಣಿನ ಚೂರು ಮೊದಲು ಪುಡಿ ಮಾಡಿ, ಆಮೇಲೆ ಅಗಸೆ ಹಾಕಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ, ಎಣ್ಣೆ ಬಿಟ್ಟು, ಪುಡಿ ಮುದ್ದೆ ಕಟ್ಟುತ್ತದೆ. ಕೊನೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಒಂದು ಸುತ್ತು. ಜೋಳದ ರೊಟ್ಟಿಗೆ ಮೊಸರಿನ ಜೊತೆ, ಬಿಸಿ ಅನ್ನಕ್ಕೆ ಸ್ವಲ್ಪ ಶೇಂಗಾ ಎಣ್ಣೆ ಜೊತೆ ಚೆನ್ನಾಗಿರುತ್ತದೆ. ಹೊಟ್ಟೆ ಸೂಕ್ಷ್ಮ ಇರುವವರು ಖಾರ, ಬೆಳ್ಳುಳ್ಳಿ ಬಿಟ್ಟು ಬರೀ ಅಗಸೆ, ಜೀರಿಗೆ, ಉಪ್ಪಿನ ಪುಡಿ ಮಾಡಿಕೊಳ್ಳಿ. ಬೆಳ್ಳುಳ್ಳಿ ಐಬಿಎಸ್ ಇರುವವರಿಗೆ ಗ್ಯಾಸ್ ತರುವುದು ಜಾಸ್ತಿ.

ವಾರಕ್ಕಾಗುವಷ್ಟೇ ಮಾಡಿ. ಗಾಳಿಯಾಡದ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಹಳೆಯ ಪೇಂಟ್ ಡಬ್ಬದಂಥ ವಾಸನೆ ಬಂದರೆ ಎಸೆದುಬಿಡಿ.

ಜನ ಸಾಮಾನ್ಯವಾಗಿ ಎಡವುವ ಕಡೆಗಳು:

- ಮೊದಲ ದಿನವೇ ಮೂರು ಚಮಚ ತಿನ್ನುವುದು. ಅರ್ಧ ಚಮಚದಿಂದ ಶುರು ಮಾಡಿ, ಎರಡು ವಾರದಲ್ಲಿ ಒಂದು ದೊಡ್ಡ ಚಮಚಕ್ಕೆ ಬನ್ನಿ. ಇಲ್ಲದಿದ್ದರೆ ಇರುವ ಉಬ್ಬರ ಇಮ್ಮಡಿಯಾಗುತ್ತದೆ.
- ನೀರು ಕುಡಿಯದೇ ಇರುವುದು. ಅಗಸೆಯ ಲೋಳೆ ನೀರು ಹೀರಿ ಗಟ್ಟಿಯಾಗುತ್ತದೆ. ನೀರಿಲ್ಲದಿದ್ದರೆ ಮಲಬದ್ಧತೆ.
- ಮಾತ್ರೆಗಳ ಜೊತೆಗೇ ತಿನ್ನುವುದು. ಆ ಲೋಳೆ ಔಷಧಿ ಹೀರಿಕೊಳ್ಳುವುದನ್ನು ತಡಮಾಡಬಹುದು. ಎರಡು ಗಂಟೆ ಅಂತರ ಇರಲಿ.
- ಅಗಸೆ ಎಣ್ಣೆಯಲ್ಲಿ ಒಗ್ಗರಣೆ ಹಾಕುವುದು. ಅದು ಕಾಯಿಸುವ ಎಣ್ಣೆಯೇ ಅಲ್ಲ. ಪೇಂಟ್ ಅಂಗಡಿಯ ಅಗಸೆ ಎಣ್ಣೆಯನ್ನಂತೂ ಬಾಯಿಗೆ ಇಡಬೇಡಿ.
- ಕ್ರೋನ್ಸ್‌ನಿಂದ ಕರುಳು ಕಿರಿದಾಗಿದೆ ಅಂತ ಡಾಕ್ಟರ್ ಹೇಳಿದ್ದರೂ ಕಾಳು, ನಾರು ಸೇರಿಸುವುದು. ಅಂಥವರಿಗೆ ಕರುಳು ಕಟ್ಟಿಕೊಳ್ಳುವ ಅಪಾಯ ಇದೆ. ಕೇಳದೆ ಶುರು ಮಾಡಲೇಬೇಡಿ. ಬಸುರಿಯರೂ ಡಾಕ್ಟರನ್ನು ಕೇಳಿ.

ಅಗಸೆ ಹಿಡಿಸದವರಿಗೆ ಚಿಯಾ ಇದೆ, ಅಕ್ರೋಟು ಇದೆ (ಒಂದು ಹಿಡಿ, ಸುಮಾರು 28 ಗ್ರಾಂನಲ್ಲಿ 2.5 ಗ್ರಾಂ ಎಎಲ್‌ಎ). ಹೊಲದ ಬದುವಿನಲ್ಲಿ ಸಿಗುವ ದೊಡ್ಡಗೋಣಿ ಸೊಪ್ಪಿನಲ್ಲೂ, ಸೊಪ್ಪುಗಳ ಮಟ್ಟಿಗೆ, ಎಎಲ್‌ಎ ಚೆನ್ನಾಗಿದೆ. ಬರೀ ಸೊಪ್ಪಿನಿಂದ ದಿನದ ಲೆಕ್ಕ ತುಂಬುವುದಿಲ್ಲ ಅಷ್ಟೇ.

ಹಂತ 5: ಮೀನು ತಿನ್ನುವವರು

ನಿಮಗೆ ದಾರಿ ಸುಲಭ. ದಿನಕ್ಕೆ 250 ಮಿಲಿಗ್ರಾಂ ಇಪಿಎ ಮತ್ತು ಡಿಎಚ್‌ಎ ಸೇರಿ ಬಂದರೆ ಆರೋಗ್ಯವಂತ ದೊಡ್ಡವರಿಗೆ ಸಾಕು ಅನ್ನುವುದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಅಂದಾಜು. ಕೊಬ್ಬಿನ ಮೀನು 100 ಗ್ರಾಂ ತಿಂದರೆ ಸುಮಾರು 1 ಗ್ರಾಂ ಸಿಗುತ್ತದೆ ಅಂತಿಟ್ಟುಕೊಳ್ಳಿ, ವಾರಕ್ಕೆರಡು ಊಟದಲ್ಲಿ ಲೆಕ್ಕ ಮುಗಿಯಿತು.

ಯಾವ ಮೀನು? ಭೂತಾಯಿ, ಬಂಗುಡೆ. ದುಬಾರಿ ಮಾಂಜಿ, ಅಂಜಲ್ ಹುಡುಕಿಕೊಂಡು ಹೋಗಬೇಕಿಲ್ಲ. ಭೂತಾಯಿಯ ಜಿಡ್ಡು ಹಂಗಾಮಿನ ಮೇಲೆ ನಿಂತಿದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು, ಮಳೆ ಇಳಿಯುತ್ತಾ ಬಂದಂತೆ ಬರುವ ಮೀನನ್ನು ಹೆಂಚಿನ ಮೇಲಿಟ್ಟರೆ ತನ್ನದೇ ಎಣ್ಣೆ ಬಿಡುತ್ತದೆ. ಆ ಎಣ್ಣೆಯಲ್ಲೇ ನಿಮಗೆ ಬೇಕಾದದ್ದು ಇರುವುದು. ಚಿಕ್ಕ ಮೀನಾದ್ದರಿಂದ ಪಾದರಸದ ಭಯವೂ ಕಮ್ಮಿ. ಶಾರ್ಕಿನಂಥ ದೊಡ್ಡ ಬೇಟೆ ಮೀನುಗಳಲ್ಲಿ ಅದು ಜಾಸ್ತಿ.

ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಕೊಬ್ಬು ಬಾಣಲೆಗೆ ಹೋಗಿ, ಬಾಣಲೆಯ ಸೂರ್ಯಕಾಂತಿ ಎಣ್ಣೆ ಮೀನಿಗೆ ಬರುತ್ತದೆ. ಪುಳಿಮುಂಚಿ, ಗಸಿ ಮಾಡಿದರೆ ಬಿಟ್ಟ ಜಿಡ್ಡೂ ಸಾರಲ್ಲೇ ಉಳಿಯುತ್ತದೆ. ಫ್ರೈ ಬೇಕೇ ಬೇಕು ಅಂದರೆ ಹೆಂಚಿನ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಮಾಡಿ.

ಹಂತ 6: ನಾರನ್ನು ಮರೆಯಬೇಡಿ

ಒಮೆಗಾ-3 ಒಂದರಿಂದಲೇ ಕರುಳು ಸುಧಾರಿಸುವುದಿಲ್ಲ. ದೊಡ್ಡ ಕರುಳಿನ ಗೋಡೆಯ ಕಣಗಳಿಗೆ ಮುಖ್ಯ ಆಹಾರ ಬ್ಯುಟಿರೇಟ್ ಅನ್ನುವ ಕಿರುಕೊಬ್ಬು. ನಾವು ಜೀರ್ಣಿಸಲಾಗದ ನಾರನ್ನು ಬ್ಯಾಕ್ಟೀರಿಯಾ ಹುಳಿಯಿಸಿ ಅದನ್ನು ಮಾಡುತ್ತವೆ. ರೋಗನಿರೋಧಕ ಕಣಗಳನ್ನು ಶಾಂತವಾಗಿಡುವ ಟಿ ಕಣಗಳು ಬೆಳೆಯಲೂ ಅದು ಬೇಕು. ಬ್ರಿಟನ್ನಿನಲ್ಲಿ 22 ಆರೋಗ್ಯವಂತರಿಗೆ 8 ವಾರ ದಿನಕ್ಕೆ 4 ಗ್ರಾಂ ಇಪಿಎ-ಡಿಎಚ್‌ಎ ಕೊಟ್ಟು ನೋಡಿದಾಗ ಬೈಫಿಡೋಬ್ಯಾಕ್ಟೀರಿಯಂ, ಬ್ಯುಟಿರೇಟ್ ಮಾಡುವ ರೋಸ್‌ಬ್ಯೂರಿಯಾ ಇಂಥವು ಹೆಚ್ಚಿದವು. ನಿಲ್ಲಿಸಿದ ಮೇಲೆ ಮತ್ತೆ ಮೊದಲಿನಂತಾಯಿತು. ಚಿಕ್ಕ ಪ್ರಯೋಗ, ಆದರೆ ಎರಡೂ ಒಂದಕ್ಕೊಂದು ಜೊತೆ ಅನ್ನುವ ಸುಳಿವು ಕೊಡುತ್ತದೆ.

ರಾಗಿ, ಜೋಳ, ಹೆಸರು, ಹುರುಳಿ, ಅವರೆ, ಸೊಪ್ಪು: ನಿಮಗೆ ಗೊತ್ತಿರುವುದೇ. ತುಪ್ಪದಲ್ಲೂ ಬ್ಯುಟಿರೇಟ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಆದರೆ ಅದು ಮೇಲಿನ ಕರುಳಿನಲ್ಲೇ ಹೀರಿಹೋಗುತ್ತದೆ, ದೊಡ್ಡ ಕರುಳಿನವರೆಗೆ ತಲುಪುವುದಿಲ್ಲ.

ಹಂತ 7: ಮಾತ್ರೆ ಬೇಕೇ ಬೇಕಾದರೆ

ಬಾಟಲಿ ಮುಂದೆ "1000 ಮಿಗ್ರಾಂ" ಅಂತ ಇರುತ್ತದೆ. ಅದು ಮೀನೆಣ್ಣೆಯ ತೂಕ, ಒಮೆಗಾ-3ದ್ದಲ್ಲ. ತಿರುಗಿಸಿ ಹಿಂದೆ ನೋಡಿ. ಸಾಮಾನ್ಯ ಮಾತ್ರೆಯಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ ಇರುತ್ತದೆ. ಸಸ್ಯಾಹಾರಿಗಳಿಗೆ ಪಾಚಿಯ ಎಣ್ಣೆಯ ಮಾತ್ರೆ ಸಿಗುತ್ತದೆ. ಮೀನಿಗೂ ಒಮೆಗಾ-3 ಬರುವುದು ಪಾಚಿಯಿಂದಲೇ, ಹಾಗಾಗಿ ಇದು ಕಮ್ಮಿ ದರ್ಜೆಯದ್ದೇನಲ್ಲ. ಊಟದ ಜೊತೆ ತೆಗೆದುಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರುವುದಿಲ್ಲ, ತೇಗಿನಲ್ಲಿ ಮೀನಿನ ವಾಸನೆ ಬೇರೆ. ಒಂದು ಮಾತ್ರೆ ಕತ್ತರಿಸಿ ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಬಾಟಲಿ ವಾಪಸ್ ಕೊಡಿ. ಕಾಡ್ ಲಿವರ್ ಎಣ್ಣೆ ಬೇರೆ ವಸ್ತು, ಅದರಲ್ಲಿ ಎ ಜೀವಸತ್ವ ಜಾಸ್ತಿ. ಬಸುರಿಯರಿಗೆ ಬೇಡ.

ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಆಪರೇಷನ್ ಗೊತ್ತಾಗಿರುವವರು, ಹೃದಯದ ಬಡಿತ ಏರುಪೇರಾಗುವವರು ಕೇಳದೆ ಶುರು ಮಾಡಬೇಡಿ. ಡೋಸ್ ಏರಿದಂತೆ ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ಬಡಿತದ ದೋಷ ಹೆಚ್ಚಿದ್ದು ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ.

ಐಬಿಡಿ ಇರುವವರು ಈ ಭಾಗ ನಿಧಾನವಾಗಿ ಓದಿ. 1996ರಲ್ಲಿ ಇಟಲಿಯಿಂದ ಒಂದು ಪ್ರಯೋಗ ಪ್ರಕಟವಾಯಿತು. ಕ್ರೋನ್ಸ್ ಶಾಂತವಾಗಿದ್ದ 78 ಜನರಲ್ಲಿ ಅರ್ಧ ಮಂದಿಗೆ ಮೀನೆಣ್ಣೆ ಮಾತ್ರೆ, ಅರ್ಧ ಮಂದಿಗೆ ಹುಸಿ ಮಾತ್ರೆ (ಔಷಧಿ ಇಲ್ಲದ, ಹೋಲಿಕೆಗೆ ಕೊಡುವ ಮಾತ್ರೆ). ವರ್ಷದೊಳಗೆ ಮೀನೆಣ್ಣೆ ಗುಂಪಿನಲ್ಲಿ ನೂರಕ್ಕೆ 28 ಮಂದಿಗೆ, ಇನ್ನೊಂದರಲ್ಲಿ 69 ಮಂದಿಗೆ ಕಾಯಿಲೆ ಮರುಕಳಿಸಿತು. ಎಲ್ಲರೂ ಕುಣಿದಾಡಿದರು. 2008ರಲ್ಲಿ ಏಳುನೂರಕ್ಕೂ ಹೆಚ್ಚು ರೋಗಿಗಳ ಮೇಲೆ, ದಿನಕ್ಕೆ 4 ಗ್ರಾಂ ಕೊಟ್ಟು ನಡೆಸಿದ ಎರಡು ಪ್ರಯೋಗಗಳ ಫಲಿತಾಂಶ ಬಂತು. ಹುಸಿ ಮಾತ್ರೆಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮಾತ್ರೆ ಮಾರುವವರು ಇವತ್ತಿಗೂ ಮೊದಲನೆಯದನ್ನೇ ತೋರಿಸುತ್ತಾರೆ. ಅಂದರೆ, ಕಾಯಿಲೆ ಬಂದ ಮೇಲೆ ಮಾತ್ರೆಯಿಂದ ಅದನ್ನು ಹಿಡಿದಿಡಬಹುದು ಅನ್ನಲು ಗಟ್ಟಿ ಆಧಾರ ಇಲ್ಲ.

ಬರುವ ಮುಂಚಿನ ಕಥೆ ಸ್ವಲ್ಪ ಬೇರೆ. ಯುರೋಪಿನ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ 2009ರ ಅಧ್ಯಯನದಲ್ಲಿ, ಲಿನೋಲಿಯಿಕ್ ಆಮ್ಲ ಅತಿ ಹೆಚ್ಚು ತಿನ್ನುತ್ತಿದ್ದವರಿಗೆ ಅಲ್ಸರೇಟಿವ್ ಕೊಲೈಟಿಸ್ ಅಪಾಯ ಸುಮಾರು ಎರಡೂವರೆ ಪಟ್ಟು ಕಂಡಿತು. ಇದು ಗಮನಿಸಿ ಬರೆದದ್ದು, ಕೊಟ್ಟು ಪರೀಕ್ಷಿಸಿದ್ದಲ್ಲ, ಕಾಯಿಲೆ ಬಂದವರ ಸಂಖ್ಯೆಯೂ ಚಿಕ್ಕದು. ಆದರೂ ಎಣ್ಣೆ ಡಬ್ಬ ಬದಲಿಸಲು ಇಷ್ಟು ಕಾರಣ ಸಾಕು. ಔಷಧಿ ಬಿಡಲು ಇದು ಕಾರಣವಲ್ಲ.

ಹಂತ 8: ಕಾಯಿರಿ, ಬರೆದಿಡಿ

ಬಿಳಿ ರಕ್ತಕಣಗಳ ಪೊರೆಯಲ್ಲಿ ಇಪಿಎ ಸೇರಲು ಕೆಲವು ವಾರ ಬೇಕು. ಕೆಂಪು ರಕ್ತಕಣ ಪೂರ್ತಿ ಬದಲಾಗಲು ನಾಲ್ಕು ತಿಂಗಳು. ಹಾಗಾಗಿ ಹತ್ತು ದಿನ ತಿಂದು "ಏನೂ ಆಗಲಿಲ್ಲ" ಅನ್ನಬೇಡಿ, ಎರಡನೇ ದಿನವೇ "ಹೊಟ್ಟೆ ಹಗುರಾಯ್ತು" ಅಂದರೆ ಅದು ಒಮೆಗಾ-3 ಅಲ್ಲ, ಕರಿದದ್ದು ಬಿಟ್ಟಿದ್ದರಿಂದ ಇರಬಹುದು.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಬರೆಯಿರಿ: ಎಷ್ಟು ಸಲ ಶೌಚ, ಹೇಗಿತ್ತು, ನೋವು ಇತ್ತಾ, ಅಗಸೆ ಅಥವಾ ಮೀನು ತಿಂದಿರಾ, ಯಾವುದಾದರೂ ನೋವಿನ ಮಾತ್ರೆ ನುಂಗಿದಿರಾ. ಎಣ್ಣೆ, ಅಗಸೆ, ಮಾತ್ರೆ ಎಲ್ಲವನ್ನೂ ಒಂದೇ ವಾರ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮೊದಲ ತಿಂಗಳು ಎಣ್ಣೆ, ಎರಡನೇ ತಿಂಗಳಿಂದ ಅಗಸೆ ಅಥವಾ ಮೀನು ಅಂತ ಹೋಗಿ. ಐಬಿಡಿ ಇರುವವರು ಮೂರು ತಿಂಗಳಾದ ಮೇಲೆ ಡಾಕ್ಟರಿಗೆ ಆ ನೋಟ್‌ಬುಕ್ ತೋರಿಸಿ, ಕ್ಯಾಲ್‌ಪ್ರೊಟೆಕ್ಟಿನ್ ಮತ್ತೆ ಮಾಡಿಸಬೇಕಾ ಅಂತ ಕೇಳಿ. ಮಾಡಿಸುವುದಾದರೆ ಮೊದಲು ಮಾಡಿಸಿದ ಲ್ಯಾಬಿನಲ್ಲೇ ಮಾಡಿಸಿ, ಒಂದು ಲ್ಯಾಬಿನ ಸಂಖ್ಯೆಯನ್ನು ಇನ್ನೊಂದರದ್ದಕ್ಕೆ ಹೋಲಿಸಲು ಬರುವುದಿಲ್ಲ.